ಹೂಫ್‌ಡಾರ್ಪ್‌ನ ಪಿಚರ್‌ಗೆ ಮೈಸೂರಿನ ಕೀಪರ್

ನಮ್ಮ ಯಜಮಾನರಿಗೆ ಒಂದು ಹುಚ್ಚಿದೆ. ಕುಡಿತವಲ್ಲ, ಇಸ್ಪೀಟಲ್ಲ. ಅಂಥದ್ದಾಗಿದ್ದರೆ ಮೈಸೂರಿಗೆ ಫೋನ್ ಮಾಡಿ ಅತ್ತೆಯ ಹತ್ತಿರ ದೂರು ಹೇಳಬಹುದಿತ್ತು. ಇವರದು ಯಾರಿಗೆ ಹೇಳಿದರೂ ಅರ್ಥವಾಗದ ಹುಚ್ಚು. ಬೆಳಿಗ್ಗೆ ಎದ್ದವರು ಹಲ್ಲುಜ್ಜುವುದಕ್ಕೂ ಮುಂಚೆ, ಅಮೆರಿಕದ ಯಾವುದೋ ಸಣ್ಣ ಊರಿನಲ್ಲಿ ಹತ್ತೊಂಬತ್ತು ವರ್ಷದ ಯಾವನೋ ಹುಡುಗ ಬೇಸ್‌ಬಾಲ್ ಹೇಗೆ ಎಸೆದ ಅಂತ ನೋಡಬೇಕು.

ಆ ಆಟದಲ್ಲಿ ಒಂದೊಂದು ದೊಡ್ಡ ತಂಡದ ಕೆಳಗೂ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳಿರುತ್ತವಂತೆ. ಹುಡುಗರನ್ನು ಹದಿನೇಳು ಹದಿನೆಂಟಕ್ಕೇ ಹಿಡಿದು ತಂದು ತೀರಾ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸುತ್ತಾರೆ. ವರ್ಷಕ್ಕೊಂದು ಮೆಟ್ಟಿಲು ಹತ್ತಿದವನು ಪುಣ್ಯವಂತ. ಹೆಚ್ಚಿನವರು ಹತ್ತುವುದಿಲ್ಲ; ಒಂದು ದಿನ ಕರೆದು, ಬ್ಯಾಗ್ ಕಟ್ಟಿಕೋ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇವರಿಗೆ ಟಿವಿಯಲ್ಲಿ ಬರುವ ದೊಡ್ಡ ಆಟಗಾರರು ಬೇಡವೇ ಬೇಡ. "ಮೇಲೆ ಹೋದ್ಮೇಲೆ ಎಲ್ರೂ ನೋಡ್ತಾರೆ ಕಣೇ. ಕೆಳಗಿದ್ದಾಗ ನೋಡೋರು ಬೇಕು" ಅನ್ನುತ್ತಾರೆ. ಆಫೀಸಿನವರು ಒಂದು ವರ್ಷ ಅಮೆರಿಕಕ್ಕೆ ಕಳಿಸಿದ್ದಾಗ ಅಂಟಿಸಿಕೊಂಡು ಬಂದ ರೋಗ ಇದು. ನೆದರ್‌ಲ್ಯಾಂಡ್ಸಿಗೆ ಬಂದು ಹೂಫ್‌ಡಾರ್ಪ್‌ನಲ್ಲಿ ಮನೆ ಮಾಡಿದ ಮೇಲೂ ವಾಸಿಯಾಗಲಿಲ್ಲ.

"ಸ್ವಂತ ಮಗಳು ಯಾವ ಕ್ಲಾಸು ಅಂದ್ರೆ ತಲೆ ಕೆರ್ಕೋತೀರ. ಆ ಹುಡುಗನ ಮೊಣಕೈ ಆಪರೇಷನ್ ಯಾವಾಗ ಆಯ್ತು ಅಂದ್ರೆ ಥಟ್ ಅಂತ ಹೇಳ್ತೀರ. ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ನಾನು ಬೈದರೆ, ಅನಂತರಾಮ ಮಹಾಶಯರು ತಲೆಯೆತ್ತದೆ, "ನಿಖಿತಾ ಗ್ರೂಪ್ ಸಿಕ್ಸ್" ಅಂದರು. ಅದು ಹಿಂದಿನ ವರ್ಷದ್ದು.

ಆ ಮೊಣಕೈಯ ಹುಡುಗನೇ ಶೆರ್ವಿನ್. ಅಪ್ಪ ಅಮ್ಮ ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದವರು, ಇವನು ಹುಟ್ಟಿ ಬೆಳೆದದ್ದು ಇದೇ ಹೂಫ್‌ಡಾರ್ಪ್‌ನಲ್ಲಿ. ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಇವರು ನೆಚ್ಚಿಕೊಂಡ ತಂಡವೇ ಅವನನ್ನು ಹದಿನೇಳಕ್ಕೆ ಎತ್ತಿಕೊಂಡು ಹೋಗಿದ್ದರಿಂದ ಇವರ ಪಾಲಿಗೆ ಅವನು "ನಮ್ಮೂರ ಹುಡುಗ". ಮುಖ ಕಂಡಿದ್ದು ಫೋಟೋದಲ್ಲಿ ಮಾತ್ರ. ಆದರೂ ಅವನು ಎಸೆದ ಒಂದೊಂದು ಚೆಂಡಿನ ಲೆಕ್ಕವೂ ಇವರ ನಾಲಿಗೆಯ ತುದಿಯಲ್ಲಿತ್ತು.

ಕೊರೊನಾ ಬಂದಾಗ ಅದೆಲ್ಲ ನಿಂತುಹೋಯಿತು. ಎರಡು ಸಾವಿರದ ಇಪ್ಪತ್ತರಲ್ಲಿ ಸಣ್ಣ ತಂಡಗಳ ಆಟ ಇಡೀ ವರ್ಷಕ್ಕೆ ರದ್ದು. ವಿಮಾನಗಳು ಹಾರುವುದು ಬಿಟ್ಟು ಪಕ್ಕದ ಸ್ಕಿಪೋಲ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಸಾಲಾಗಿ ನಿಂತಿದ್ದವು. ನಮ್ಮ ಊಟದ ಮೇಜಿನ ಒಂದು ತುದಿಯಲ್ಲಿ ಇವರ ಆಫೀಸು, ಇನ್ನೊಂದು ತುದಿಯಲ್ಲಿ ನನ್ನದು, ನಡುವೆ ಉಪ್ಪಿನಕಾಯಿ ಜಾಡಿ. ಚಳಿಗಾಲದಲ್ಲಿ ಇನ್ನೊಂದು ಸುದ್ದಿ ಬಂತು: ಕೆಳಗಿನ ಮೆಟ್ಟಿಲಿನ ತಂಡಗಳನ್ನೇ ಎಷ್ಟೋ ಕಡಿಮೆ ಮಾಡುತ್ತಾರಂತೆ, ನೂರಾರು ಹುಡುಗರಿಗೆ ಜಾಗವಿಲ್ಲವಂತೆ. ಇವರು ಸೂತಕದ ಮನೆಯವರ ಹಾಗೆ ಓಡಾಡಿದರು. ನನಗೂ ಅಯ್ಯೋ ಅನ್ನಿಸಿತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ಮುಂದಿನ ವರ್ಷದ ಫೆಬ್ರವರಿ, ಹಿಮ ಕರಗಿದ ವಾರ. ವಾಕಿಂಗ್ ಹೋದ ಮನುಷ್ಯ ಏದುಸಿರು ಬಿಡುತ್ತ ವಾಪಸ್ ಬಂದರು.

"ಮೈಥಿಲೀ, ಶೆರ್ವಿನ್!"

"ಏನಾಯ್ತು ಅವನಿಗೆ?"

"ಇಲ್ಲೇ ಇದಾನೆ ಕಣೇ! ಬೇಸ್‌ಬಾಲ್ ಕ್ಲಬ್ ಹಿಂದಿನ ಮೈದಾನದಲ್ಲಿ. ಒಬ್ನೇ ಬಲೆಗೆ ಎಸೀತಾ ಇದಾನೆ. ನಾನು ಬೇಲಿ ಹತ್ರ ಹೋಗಿ ಮಾತಾಡ್ಸಿದೆ."

ದೇವಸ್ಥಾನದಲ್ಲಿ ಗರ್ಭಗುಡಿಯ ಬಾಗಿಲು ತೆಗೆದಾಗ ಇವರ ಅಮ್ಮನ ಮುಖ ಹೇಗಾಗುತ್ತದೋ ಹಾಗಾಗಿತ್ತು ಇವರ ಮುಖ. ಬೇಲಿಯಾಚೆ ನಿಂತ ಕನ್ನಡಕದ ಇಂಡಿಯನ್ ಒಬ್ಬ ತನ್ನ ಮೂರು ವರ್ಷದ ಜಾತಕ ಒಪ್ಪಿಸಿದಾಗ ಆ ಹುಡುಗನಿಗೆ ಏನನ್ನಿಸಿತೋ. ಹೆದರಿ ಪೊಲೀಸರನ್ನು ಕರೆಯಲಿಲ್ಲ, ಅದೇ ದೊಡ್ಡದು.

ಹುಡುಗ ಕಷ್ಟ ಹೇಳಿಕೊಂಡಿದ್ದ. ಮೊಣಕೈ ಆಪರೇಷನ್ ಆದಮೇಲೆ ಅವನು ಒಂದು ಪಂದ್ಯವನ್ನೂ ಆಡಿಲ್ಲ. ಇಟ್ಟುಕೊಳ್ಳಬೇಕೋ ಬಿಡಬೇಕೋ ಅಂತ ತಂಡದವರಿಗೆ ಗೊತ್ತಾಗುತ್ತಿಲ್ಲ. ವಾರವಾರ ವೀಡಿಯೊ ಕಳಿಸು ಅಂದಿದ್ದಾರೆ. ಮಾರ್ಚ್ ಕೊನೆಯ ಶನಿವಾರ ಯೂರೋಪಿನ ಹುಡುಗರನ್ನು ನೋಡಿಕೊಳ್ಳುವ ಅವರ ಮನುಷ್ಯ ಖುದ್ದಾಗಿ ಬರುತ್ತಾನೆ, ಅವನು ಹೇಳಿದ್ದೇ ಕೊನೆ. ಆದರೆ ಚೆಂಡು ಹಿಡಿಯುವ ಕ್ಯಾಚರ್ ಇಲ್ಲ. ಕ್ಲಬ್ಬಿನ ಒಬ್ಬ ಕ್ಯಾಚರ್ ಕ್ಯುರಸಾವ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ, ಇನ್ನೊಬ್ಬ ಕೊರೊನಾದಿಂದ ಎದ್ದು ಮೆಟ್ಟಿಲು ಹತ್ತಲೂ ಏದುಸಿರು ಬಿಡುತ್ತಾನೆ. ಆಗಿನ ನಿಯಮದಲ್ಲಿ ಬಯಲಲ್ಲಿ ಇಬ್ಬರು ಮಾತ್ರ ಆಡಬಹುದಿತ್ತು, ಅದೂ ಒಂದೂವರೆ ಮೀಟರ್ ದೂರದಲ್ಲಿ.

"ಪಿಚರ್‌ಗೂ ಕ್ಯಾಚರ್‌ಗೂ ಹದಿನೆಂಟು ಮೀಟರ್ ಇರುತ್ತೆ ಕಣೇ. ಕಾನೂನೂ ಒಪ್ಪುತ್ತೆ" ಅಂದರು ಇವರು, ನನ್ನ ಮುಖ ತಪ್ಪಿಸಿ.

"ಅದಕ್ಕೆ?"

"ನನ್ನ ಹೆಂಡ್ತಿ ಮೈಸೂರು ಯೂನಿವರ್ಸಿಟಿ ವಿಕೆಟ್ ಕೀಪರ್ ಆಗಿದ್ಳು ಅಂದ್ಬಿಟ್ಟೆ."

"ನಿಮ್ಮ ತಲೆ! ಅದು ಯಾವ ಕಾಲ? ಈಗ ಬಗ್ಗಿದ್ರೆ ಏಳಕ್ಕೆ ಮೇಜು ಹಿಡ್ಕೋಬೇಕು ನಾನು. ನಿಂಬೆಹಣ್ಣು ಹಿಡಿಯಕ್ಕೆ ಬರಲ್ಲ ನಿಮಗೆ, ಹೆಂಡ್ತೀನ ದಾನ ಮಾಡಿ ಬಂದ್ರಾ?"

ಬೈದೆ. ಹೊಟ್ಟೆ ತುಂಬುವಷ್ಟು ಬೈದೆ. ಆದರೂ ಮಾರನೆಯ ದಿನ ಹೋದೆ. ಯಾಕೆ ಹೋದೆ ಅಂದರೆ, ಮದುವೆಯಾದ ಮೇಲೆ ನನ್ನನ್ನು ಯಾರೂ ಕೀಪರ್ ಅಂದಿರಲಿಲ್ಲ.

ಶೆರ್ವಿನ್ ನಾನಂದುಕೊಂಡಷ್ಟು ಎತ್ತರವಿರಲಿಲ್ಲ. ಗಂಭೀರ ಹುಡುಗ, ನನ್ನನ್ನು ಮೇವ್ರೌ ಅಂತ ಕರೆಯುತ್ತಿದ್ದ, ನಾವು ಮೇಡಂ ಅನ್ನುವ ಹಾಗೆ. ಮುಖಕ್ಕೆ ಜಾಲರಿ, ಎದೆಗೆ ಕವಚ, ಮಂಡಿಗೆ ಪಟ್ಟಿ ಎಲ್ಲವನ್ನೂ ಸ್ಯಾನಿಟೈಸರ್‌ನಲ್ಲಿ ಒರೆಸಿ ಹುಲ್ಲಿನ ಮೇಲಿಟ್ಟು ದೂರ ಸರಿದ. ಕೀಪರ್‌ಗೆ ಎರಡು ಕೈಗೂ ಗ್ಲೌಸು. ಇಲ್ಲಿ ಎಡಗೈಗೆ ಮಾತ್ರ, ಹಲಸಿನ ತೊಳೆಯಂಥ ದಪ್ಪದ್ದು. ನಾನು ಕುಕ್ಕರಗಾಲಲ್ಲಿ ಕೂತೆ. ಇವರು ಬೇಲಿಯಾಚೆ ನನ್ನ ಬೆನ್ನ ಹಿಂದೆ ಫೋನ್ ಹಿಡಿದು ನಿಂತರು.

ಮೊದಲು ಮೆಲ್ಲಗೆ ಎಸೆದ. ನನಗೆ ರೇಗಿತು. "ಅಜ್ಜಿಗೆ ಎಸೆದ ಹಾಗೆ ಎಸೀಬೇಡ, ಆಡೋ ಹಾಗೆ ಎಸಿ" ಅಂತ ಇಂಗ್ಲಿಷಿನಲ್ಲಿ ಕೂಗಿದೆ. ಅವನು ಭುಜ ಕುಣಿಸಿ, ಕಾಲೆತ್ತಿ, ಎಸೆದ.

ಅಬ್ಬಾ! ಕೈಯಿಂದ ಬಿಟ್ಟದ್ದು ಕಂಡಿತು, ಗ್ಲೌಸಿಗೆ ಬಿದ್ದದ್ದು ತಿಳಿಯಿತು, ನಡುವಿನದು ಕಾಣಲೇ ಇಲ್ಲ. ಕೇಳಿಸಿತು ಅಷ್ಟೇ: ಕಾದ ಹಂಚಿಗೆ ನೀರು ಚಿಮುಕಿಸಿದಾಗಿನ ಚುರ್ ಅನ್ನುವ ಸದ್ದು, ನನ್ನ ಕಡೆಗೇ ಓಡಿ ಬಂದ ಹಾಗೆ. ಹಿಡಿದಿದ್ದೆ. ನಾನು ಹಿಡಿಯಲಿಲ್ಲ, ಕೈಯೇ ಹೋಗಿ ಹಿಡಿದಿತ್ತು. ಮೊಣಕೈಯವರೆಗೂ ಜುಂ ಅಂದಿತು.

ಆಮೇಲಿನದು ಇನ್ನೂ ವಿಚಿತ್ರ. ಎದೆಯ ನೇರಕ್ಕೆ ಬರುತ್ತಿದ್ದ ಚೆಂಡು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಬಲಮಂಡಿಯ ಕಡೆ ಇಳಿಯಿತು. ನಮ್ಮ ಆಟದಲ್ಲಿ ಚೆಂಡು ಇಷ್ಟು ಚುರುಕಾಗಿ ತಿರುಗಬೇಕಾದರೆ ನೆಲ ಮುಟ್ಟಬೇಕು. ಇದು ಯಾವುದನ್ನೂ ಮುಟ್ಟದೆ ಬರೀ ಗಾಳಿಯಲ್ಲಿ ತಿರುಗಿತ್ತು. ಇಪ್ಪತ್ತು ವರ್ಷದ ಹುಡುಗನ ಬೆರಳಿಗೆ ಇದನ್ನು ಯಾರು ಕೊಟ್ಟರು? ನನ್ನ ಕಣ್ಣಲ್ಲಿ ನೀರು ಬಂದಿತ್ತು. ಚಳಿಗಾಳಿಗೆ ಅಂತ ಹೇಳಿಕೊಂಡೆ.

ಮುಗಿದ ಮೇಲೆ ಬೇಲಿಯ ಹತ್ತಿರ ಹೋಗಿ, "ರೀ, ಇಷ್ಟು ವರ್ಷ ನೀವು ಓದ್ತಾ ಇದ್ದಿದ್ದು ಇದನ್ನಾ?" ಅಂದೆ.

"ನಾನು ಬರೀ ನಂಬರ್ ನೋಡಿರೋದು ಕಣೇ" ಅಂದರು.

ಅಲ್ಲಿಂದ ಹೆಚ್ಚುಕಮ್ಮಿ ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸೈಕಲ್ ತುಳಿದು ಹೋಗುತ್ತಿದ್ದೆ. ಎಡ ಅಂಗೈ ಬಾತುಕೊಂಡು ಚಪಾತಿ ಹಿಟ್ಟು ನಾದುವುದು ಇವರ ಪಾಲಿಗೆ ಬಂತು. ಒಂದು ಚೆಂಡನ್ನೂ ಬಿಡಲಿಲ್ಲ ಅನ್ನುವ ಜಂಬ ನನಗೆ. ಮೈಸೂರಿನ ನಮ್ಮ ಕೋಚ್ ಸರಳಾ ಮೇಡಂ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅಂದುಕೊಂಡೆ.

ನಾಲ್ಕು ವಾರದ ವೀಡಿಯೊ ನೋಡಿ ಅಮೆರಿಕದ ಕೋಚ್ ಉತ್ತರ ಬರೆದ. ವೇಗ ಪರವಾಗಿಲ್ಲ, ಆದರೆ ಚೆಂಡು ಹೋಗಬೇಕಾದ ಕಡೆ ಹೋಗುತ್ತಿಲ್ಲ. ಬ್ಯಾಟು ಹಿಡಿದವನ ಎದೆಯಿಂದ ಮಂಡಿಯವರೆಗೆ, ಅವನ ಮುಂದೆ ನೆಲದಲ್ಲಿ ಹುಗಿದ ಬಿಳಿ ಹಲಗೆಯಷ್ಟು ಅಗಲಕ್ಕೆ ಕಣ್ಣಿಗೆ ಕಾಣದ ಕಿಟಕಿಯೊಂದಿದೆ ಅಂದುಕೊಳ್ಳಿ. ಅದರೊಳಗೆ ತೂರಿದರೆ ಪಿಚರ್‌ಗೆ ಲಾಭ, ಹೊರಗೆ ಹೋದರೆ ದಂಡ. ಶೆರ್ವಿನ್‌ನ ಒಳ್ಳೊಳ್ಳೆಯ ಎಸೆತಗಳೆಲ್ಲ ಕಿಟಕಿಯ ಕೆಳಗೆ, ಇಲ್ಲವೇ ಪಕ್ಕಕ್ಕೆ ಹೋಗುತ್ತಿವೆ, ಈ ಆಪರೇಷನ್ ಆದವರಲ್ಲಿ ಕೆಲವರಿಗೆ ಹಾಗಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ ಅಂತ ಬರೆದಿದ್ದ.

ಹುಡುಗ ಕುಸಿದುಹೋದ. ಹುಲ್ಲಿನ ಮೇಲೆ ಕೂತು, "ಕೈ ಹೋಯಿತು ಮೇವ್ರೌ. ನನಗೂ ಹಾಗೇ ಕಾಣ್ತಿತ್ತು. ಸರಿಯಾಗೇ ಬಿಟ್ಟೆ ಅನ್ನಿಸುತ್ತೆ, ನೋಡಿದರೆ ಚೆಂಡು ಕೆಳಗಿರುತ್ತೆ" ಅಂದ. ಮಾರನೆಯ ದಿನದಿಂದ ಬೇಕಂತಲೇ ಮೇಲೆ ಎಸೆಯಲು ಹೋಗಿ ಇದ್ದದ್ದನ್ನೂ ಕೆಡಿಸಿಕೊಂಡ. ಒಂದು ಚೆಂಡು ನನ್ನ ತಲೆಯ ಮೇಲೆ ಹಾರಿ ಬೇಲಿಗೆ ಬಡಿಯಿತು.

ಯಜಮಾನರು ಮಾತ್ರ ಒಪ್ಪಲಿಲ್ಲ. "ಅವನ ಕೈ ಹಾಗೆ ಎಸೆಯಲ್ಲ. ಮೂರು ವರ್ಷ ನೋಡಿದೀನಿ, ಕಿಟಕಿ ತಪ್ಪೋ ಹುಡುಗನೇ ಅಲ್ಲ" ಅಂತ ಭಾನುವಾರ ವೀಡಿಯೊಗಳನ್ನೆಲ್ಲ ಟಿವಿಗೆ ಹಾಕಿ ಕೂತರು. ನಾನು ಸೊಪ್ಪು ಬಿಡಿಸುತ್ತ ಪಕ್ಕದಲ್ಲಿದ್ದೆ. ಎಸೆತ, ಸದ್ದು, ಮಂಡಿಯ ಕೆಳಗೆ ಗ್ಲೌಸು. ಮತ್ತೆ ಎಸೆತ, ಸದ್ದು, ಸೊಂಟದ ಆಚೆ ಗ್ಲೌಸು.

"ನಿಲ್ಸಿ. ಹಿಂದಕ್ಕೆ ಹಾಕಿ. ನಿಧಾನ ಮಾಡಿ" ಅಂದೆ.

ನಿಧಾನದಲ್ಲಿ ಕಂಡಿತು. ಚೆಂಡು ಗ್ಲೌಸಿಗೆ ಬಿದ್ದದ್ದು ಕಿಟಕಿಯ ಒಳಗೇ, ಕೆಳಗಿನ ಮೂಲೆಯಲ್ಲಿ, ಇಟ್ಟ ಹಾಗೆ. ಬಿದ್ದ ಮೇಲೆ ನನ್ನ ಕೈ ಅದನ್ನು ಕರೆದುಕೊಂಡು ಕೆಳಕ್ಕೆ ಹೋಯಿತು. ಇನ್ನೊಂದನ್ನು ಸೊಂಟದ ಪಕ್ಕಕ್ಕೆ ಎಳೆದುಕೊಂಡಿತು. ಕೀಪರ್ ಚೆಂಡು ಹಿಡಿಯುವುದೇ ಹಾಗೆ! ಬಂದ ವೇಗಕ್ಕೆ ಕೈಯನ್ನು ಹಿಂದೆ ಬಿಟ್ಟುಕೊಡಬೇಕು, ಗಟ್ಟಿಯಾಗಿ ನಿಂತರೆ ಚೆಂಡು ಪುಟಿದು ಹೋಗುತ್ತದೆ, ಬೆರಳು ಮುರಿಯುತ್ತದೆ. "ಚೆಂಡಿನ ಜೊತೆ ಜಗಳ ಆಡ್ಬೇಡ, ಬರಮಾಡ್ಕೋ" ಅಂತ ಸರಳಾ ಮೇಡಂ ವರ್ಷಗಟ್ಟಲೆ ತಿದ್ದಿದ್ದರು. ಆ ಪುಟ್ಟ ಫೋನ್ ವೀಡಿಯೊದಲ್ಲಿ ಕೋಚ್ ನೋಡಿದ್ದು ಗ್ಲೌಸು ಕೊನೆಗೆ ಎಲ್ಲಿ ನಿಂತಿತು ಅನ್ನುವುದನ್ನು.

"ಅಯ್ಯೋ ದೇವರೇ, ನನ್ನ ಕೈ ರೀ ಇದು. ಅವನ ಕೈಯಲ್ಲ, ನನ್ನ ಕೈ!" ಅಂತ ಕಿರುಚಿದೆ. ಸೊಪ್ಪೆಲ್ಲ ನೆಲದ ಮೇಲೆ ಬಿತ್ತು.

ತಕ್ಷಣ ಫೋನ್ ಮಾಡಿದೆ. "ಶೆರ್ವಿನ್, ನಿನ್ನ ಕೈ ಸರಿಯಾಗಿದೆ ಮಗಾ. ಕೆಟ್ಟಿರೋದು ನನ್ನ ಕೈ" ಅಂದೆ, 'ಮಗಾ' ಅನ್ನುವುದು ಇಂಗ್ಲಿಷಿನ ನಡುವೆ ತಾನಾಗಿ ಬಂತು. ಆ ಕಡೆಯಿಂದ ಮೂಗು ಏರಿಸಿಕೊಳ್ಳುವ ಸದ್ದು ಕೇಳಿಸಿತು. ಬೇರೆ ಯಾರನ್ನಾದರೂ ಹುಡುಕಿಕೋ, ನಾನು ಬೇಡ ಅಂದೆ. ಅವನು ಬಿಡಲಿಲ್ಲ. ತನ್ನ ತಿರುಗುವ ಚೆಂಡನ್ನು ಬಿಡದೆ ಹಿಡಿದವರು ನೀವೊಬ್ಬರೇ ಅಂದ. ಕೋಚ್‌ಗೂ ವಿಷಯ ಬರೆದನಂತೆ. ಶನಿವಾರ ನಮ್ಮ ಮನುಷ್ಯ ಕಣ್ಣಾರೆ ನೋಡಲಿ ಅಂತ ಒಂದೇ ಸಾಲಿನ ಉತ್ತರ ಬಂತು.

ಶನಿವಾರಕ್ಕೆ ಇನ್ನು ಒಂದೇ ವಾರ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುತ್ತಾರೆ, ನಾನು ಒಂದು ವಾರದಲ್ಲಿ ಸುಡಬೇಕಿತ್ತು. ಮನೆಯ ಹಾಲ್‌ನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆ, ಇವರು ಕಾಲುಚೀಲದ ಉಂಡೆ, ಆಲೂಗಡ್ಡೆ, ಕಿತ್ತಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದರು. ಹಿಡಿದ ಜಾಗದಲ್ಲೇ ಕೈ ನಿಲ್ಲಬೇಕು. "ಇಳೀತು!" ಅನ್ನುವರು ಇವರು. "ಇಳೀಲಿಲ್ಲ!" ಅನ್ನುವೆ ನಾನು. ಇಳಿದಿರುತ್ತಿತ್ತು. ಮೈದಾನದಲ್ಲಿ ಮೆಲ್ಲನೆಯ ಚೆಂಡುಗಳಿಗೆ ಕೈ ಕಲಿಯಿತು, ವೇಗದವಕ್ಕೆ ಕಲಿಯಲಿಲ್ಲ. ನೋವಿಗೆ ಹೆದರಿ ತಾನಾಗಿ ಹಿಂದೆ ಸರಿಯುತ್ತಿತ್ತು. ನನಗೆ ನಿದ್ದೆ ಬರುತ್ತಿರಲಿಲ್ಲ. ಪರರ ಮಗನ ಬಾಳು ನನ್ನ ಒಂದು ಚಟದ ಮೇಲೆ ನಿಂತಿದೆಯಲ್ಲ ಅಂತ ಭಯವಾಗುತ್ತಿತ್ತು, ನಿಜವಾದ ಭಯ.

ಶನಿವಾರ ಬೆಳಿಗ್ಗೆ ಬಿಸಿಲಿತ್ತು, ಗಾಳಿ ಮಾತ್ರ ಚುಚ್ಚುತ್ತಿತ್ತು. ತಂಡದ ಮನುಷ್ಯ ಕಾರಿನಿಂದಿಳಿದ. ನರೆತ ಕೂದಲು, ಮಾಸ್ಕು, ಕೈಯಲ್ಲಿ ವೇಗ ಅಳೆಯುವ ಯಂತ್ರ. ನನ್ನನ್ನು ಮೇಲಿಂದ ಕೆಳಗೆ ನೋಡಿ ನನ್ನ ಬೆನ್ನ ಹಿಂದೆ ಬೇಲಿಯಾಚೆ ನಿಂತ. ಅವನಿಂದ ದೂರದಲ್ಲಿ ಇವರು, ಫೋನ್ ಹಿಡಿದು.

ಮೊದಲಿನವು ಚೆನ್ನಾಗಿಯೇ ಹೋದವು. ಆಮೇಲೆ ಶೆರ್ವಿನ್ ವೇಗದ ಚೆಂಡೊಂದನ್ನು ಕೆಳಗಿನ ಅಂಚಿಗೆ ಬಿಟ್ಟ. ಹಿಡಿದೆ, ಕೈ ಇಳಿಯಿತು. ನನಗೇ ತಿಳಿಯಿತು. ಹಿಂದಿನಿಂದ ಮನುಷ್ಯ "ಹ್ಮ್" ಅಂದದ್ದೂ ಕೇಳಿಸಿತು. ಪಾಪಿ, ಹುಡುಗನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ ಅಂತ ನನಗೆ ನಾನೇ ಬೈದುಕೊಂಡೆ.

ಶೆರ್ವಿನ್ ತಂಡದ ಮನುಷ್ಯನ ಮುಖ ನೋಡಲಿಲ್ಲ, ನನ್ನನ್ನು ನೋಡಿದ. ಪರವಾಗಿಲ್ಲ ಅನ್ನುವ ಹಾಗೆ ಮೆಲ್ಲಗೆ ತಲೆ ಆಡಿಸಿದ. ಅವನಿಗೆ ನನ್ನ ವಯಸ್ಸು, ನನಗೆ ಅವನ ವಯಸ್ಸು ಅನ್ನಿಸಿತು.

"ಇನ್ನೊಂದೇ ಸಾಕು. ನಿನ್ನ ಕೈಲಾದ ಅತಿ ಒಳ್ಳೇದನ್ನ ಎಸಿ" ಅಂತ ಬೇಲಿಯಾಚೆಯಿಂದ ತಂಡದ ಮನುಷ್ಯ ಕೂಗಿದ.

ನಾನು ಗ್ಲೌಸನ್ನು ಕೆಳಗಿನ ಹೊರಮೂಲೆಗೆ ಹಿಡಿದೆ. ಅತಿ ಕಷ್ಟದ ಜಾಗ ಅದೇ. ಶೆರ್ವಿನ್ ಕಾಲೆತ್ತಿದ. ಅವನ ಮೈಯೆಲ್ಲ ಒಂದು ಗಳಿಗೆ ಒಂಟಿ ಕಾಲ ಮೇಲೆ ನಿಂತು, ಆಮೇಲೆ ಅಷ್ಟೂ ಕೈಗೆ ಬಂದು, ಕೈಯಿಂದ ಎರಡು ಬೆರಳಿಗೆ ಬಂದು, ಚೆಂಡಾಗಿ ಹೊರಟಿತು. ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನನ್ನ ನೇರಕ್ಕೆ ಬರುತ್ತಿದ್ದದ್ದು ಕಡೆಯಲ್ಲಿ ಸರಿದು, ನಾನು ತೋರಿಸಿದ ಮೂಲೆಗೇ, ಕೂದಲೆಳೆಯೂ ಆಚೀಚೆಯಾಗದೆ ಬಂತು. ಈ ಸಲ ನಾನು ಬರಮಾಡಿಕೊಳ್ಳಲಿಲ್ಲ. ಜಗಳಕ್ಕೇ ನಿಂತೆ. ಹೆಬ್ಬೆರಳು ಹಿಂದಕ್ಕೆ ಮಡಚಿಕೊಂಡು ಒಳಗೇನೋ ಲಟಕ್ ಅಂದಿತು, ಕಣ್ಣು ಕತ್ತಲಿಟ್ಟಿತು. ಕೈ ಮಾತ್ರ ಬಂದಲ್ಲೇ ನಿಂತಿತ್ತು.

"ಅಲುಗಾಡಬೇಡಿ" ಅಂತ ಹಿಂದಿನಿಂದ ಮಾತು ಬಂತು. ತಂಡದ ಮನುಷ್ಯ ಬೇಲಿಯ ಹತ್ತಿರ ಬಂದು, ಮಂಡಿಯೂರಿ, ನನ್ನ ಭುಜದ ನೇರಕ್ಕೆ ಕಣ್ಣಿಟ್ಟು ಆ ಗ್ಲೌಸನ್ನು ನೋಡಿದ. ನಾನು ಹಲ್ಲು ಕಚ್ಚಿ ಹಾಗೇ ಹಿಡಿದಿದ್ದೆ. ನೋಡಿದ, ನೋಡಿದ. ಆಮೇಲೆ ಎದ್ದು ಮಾಸ್ಕಿನೊಳಗೇ ನಕ್ಕು, "ಶೆರ್ವಿನ್, ಏಪ್ರಿಲ್‌ಗೆ ಅಮೆರಿಕದ ಟಿಕೆಟ್ ಬರುತ್ತೆ, ಚೀಲ ಕಟ್ಟಿಕೋ" ಅಂತ ಕೂಗಿದ.

ಹುಡುಗ ನನ್ನ ಕಡೆ ಓಡಿ ಬಂದ. ಅಪ್ಪಿಕೊಳ್ಳಲು ಕೈ ಚಾಚಿದವನು ಒಂದೂವರೆ ಮೀಟರಿನಲ್ಲಿ ಗಕ್ಕನೆ ನಿಂತುಬಿಟ್ಟ. ಚಾಚಿದ ಕೈ ಹಾಗೇ ಇತ್ತು, ಕಣ್ಣಿಂದ ನೀರು ಸುರಿಯುತ್ತಿತ್ತು. ನಾನೂ ಜಾಲರಿಯೊಳಗೆ ಗೊಳೋ ಅಂತ ಅತ್ತೆ.

ಎದ್ದು ಬೇಲಿಯ ಹತ್ತಿರ ಹೋದೆ. ಇವರು ಕಂಬ ಹಿಡಿದು ನಿಂತಿದ್ದರು.

"ನೋಡಿದ್ರಾ ರೀ? ನೋಡಿದ್ರಾ?"

"ಇಲ್ಲ ಕಣೇ" ಅಂದರು, ಸಣ್ಣ ದನಿಯಲ್ಲಿ. "ಭಯ ಆಗಿ ಕಣ್ಣು ಮುಚ್ಕೊಂಡ್ಬಿಟ್ಟೆ. ಫೋನಲ್ಲೂ ಬರೀ ಹುಲ್ಲು ಬಂದಿದೆ. ಹೇಗಿತ್ತು ಹೇಳೇ."

ಬೈಗುಳ ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ. ಗ್ಲೌಸು ಕಿತ್ತು, ಕೆಂಪಗೆ ಊದಿದ ಅಂಗೈಯನ್ನು ಬೇಲಿಯ ಮೇಲಿಂದ ಇವರ ಮುಂದೆ ಚಾಚಿದೆ.

"ಇಲ್ಲಿಗೆ ಬಂತು ರೀ" ಅಂದೆ. "ನೋಡಿ, ಇಲ್ಲಿಗೆ."

ಇವರು ಕನ್ನಡಕ ಸರಿಮಾಡಿಕೊಂಡು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ನೋಡುತ್ತಲೇ ನಿಂತರು.